ಲೈಸೆನ್ಸ್ ಇದೆ ಸರಿ, ಜಾಗ ಯಾವುದಕ್ಕೆ?

ಸಂಜೆ ಆರೂವರೆ. ಮೂವತ್ತಡಿ ರಸ್ತೆ. ಮೊನ್ನೆಯವರೆಗೆ ಮನೆಯಾಗಿದ್ದ ಕಟ್ಟಡದ ಕಾಂಪೌಂಡ್ ಒಡೆದು, ಕಾರು ನಿಲ್ಲುತ್ತಿದ್ದ ಜಾಗದಲ್ಲಿ ದೋಸೆ ಕಾವಲಿ ಇಟ್ಟಿದ್ದಾರೆ. ಹೊಗೆ ಹೋಗಲು ಹಾಕಿದ ತಗಡಿನ ಕೊಳವೆ ಪಕ್ಕದ ಮನೆಯ ಮಲಗುವ ಕೋಣೆಯ ಕಿಟಕಿಗೆ ನೇರವಾಗಿದೆ. ಗೇಟಿನ ಮುಂದೆ ಅಡ್ಡಾದಿಡ್ಡಿ ನಿಂತ ಸ್ಕೂಟರುಗಳು. ಪಕ್ಕದ ಮನೆಯ ಅಜ್ಜಿ ಬಂದು ಕೇಳಿದರೆ ಹೋಟೆಲಿನವರು ಗಲ್ಲಾದ ಹಿಂದೆ ಫ್ರೇಮು ಹಾಕಿ ತೂಗುಹಾಕಿದ ಕಾಗದದ ಕಡೆ ಕೈ ತೋರಿಸುತ್ತಾರೆ. "ನೋಡಿ ಅಮ್ಮ, ಲೈಸೆನ್ಸ್ ಇದೆ." ಅಜ್ಜಿ ಸುಮ್ಮನೆ ಒಳಗೆ ಹೋಗುತ್ತಾರೆ.

ನಮ್ಮ ಊರುಗಳ ಬಡಾವಣೆಗಳಲ್ಲಿ ಇದು ದಿನನಿತ್ಯ ಕಾಣುವ ದೃಶ್ಯ. ಅಜ್ಜಿ ಸುಮ್ಮನಾಗಬೇಕಾಗಿರಲಿಲ್ಲ. ಆ ಕಾಗದ ಹೇಳುವುದು ಅರ್ಧ ಮಾತು ಮಾತ್ರ.

"ಲೈಸೆನ್ಸ್ ಇದೆ, ಕಮರ್ಷಿಯಲ್ ತೆರಿಗೆ ಕಟ್ಟಿದ್ದೇನೆ, ಇನ್ನೇನು ಬೇಕು?"

ಉದ್ದಿಮೆ ಪರವಾನಗಿಯನ್ನು ರಾಜ್ಯದ ಮಹಾನಗರ ಪಾಲಿಕೆಗಳು ಕೊಡುವುದು 1976ರ ಪೌರ ನಿಗಮಗಳ ಕಾಯ್ದೆಯ 353ನೇ ಕಲಮಿನಡಿ. ಬೆಂಗಳೂರಿಗೆ ಈಗ ಪ್ರತ್ಯೇಕ ಕಾಯ್ದೆ ಇದೆ. ಈ ಪರವಾನಗಿ ನೋಡುವುದು ಉದ್ದಿಮೆಯಿಂದ ಜನರ ಆರೋಗ್ಯಕ್ಕೆ ಅಪಾಯವಿದೆಯೇ, ನೆರೆಹೊರೆಗೆ ಉಪದ್ರವವಿದೆಯೇ ಎಂಬುದನ್ನು. ಆ ಜಾಗದಲ್ಲಿ ಅಂಗಡಿ ಇರಬಹುದೇ ಎಂದು ತೀರ್ಮಾನಿಸುವುದು ಬೇರೆಯೇ ಕಾನೂನು: 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರಡಿ ಊರುಗಳಿಗೆ ಮಾಸ್ಟರ್ ಪ್ಲಾನ್ ತಯಾರಾಗುತ್ತದೆ. ಹಳೆಯ ರೂಢಿಯಂತೆ ಜನ ಈಗಲೂ ಅದನ್ನು ಸಿಡಿಪಿ ಎನ್ನುತ್ತಾರೆ. ನಕ್ಷೆಯಲ್ಲಿ ಹಳದಿ ಎಂದರೆ ವಸತಿ, ನೀಲಿ ಎಂದರೆ ವಾಣಿಜ್ಯ. ಹಳದಿಯೊಳಗೂ ಇಷ್ಟು ಅಗಲದ ರಸ್ತೆಯಲ್ಲಿ ಇಂಥ ಅಂಗಡಿ, ಇಷ್ಟೇ ಜಾಗದಲ್ಲಿ ಎಂದು ವಲಯ ನಿಯಮಾವಳಿ ಹೇಳುತ್ತದೆ. ಬೆಂಗಳೂರಿನ ಜಗಳಗಳಲ್ಲಿ ಮತ್ತೆ ಮತ್ತೆ ಕೇಳಿಬರುವ 40 ಅಡಿ ರಸ್ತೆಯ ಲೆಕ್ಕ ಬಂದದ್ದು ಇಲ್ಲಿಂದಲೇ.

ತೆರಿಗೆಯ ಮಾತೂ ಅಷ್ಟೇ. ನಿಯಮ ಮೀರಿ ಕಟ್ಟಿದ ಕಟ್ಟಡದಿಂದಲೂ ತೆರಿಗೆ ವಸೂಲಿ ಮಾಡಬಹುದು, ಆದರೆ ಅದನ್ನು ಬೇರೆ ವಹಿಯಲ್ಲಿ ಬರೆಯಬೇಕು, ತೆರಿಗೆ ಕಟ್ಟಿದ ಮಾತ್ರಕ್ಕೆ ಸಕ್ರಮದ ಹಕ್ಕು ಬರುವುದಿಲ್ಲ ಎಂದು ಪೌರ ನಿಗಮಗಳ ಕಾಯ್ದೆಯೇ ಹೇಳಿತ್ತು. ನಾವೆಲ್ಲ ಬಾಯಿಮಾತಿನಲ್ಲಿ ಬಿ ಖಾತಾ ಎನ್ನುತ್ತಾ ಬಂದದ್ದು ಆ ಬೇರೆ ವಹಿಯನ್ನೇ. ರಸೀದಿ ತೆರಿಗೆಗೆ ಸಾಕ್ಷಿ, ಅನುಮತಿಗೆ ಅಲ್ಲ.

ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಈ ವಿಷಯವನ್ನು ಇನ್ನಷ್ಟು ಬಿಗಿ ಮಾಡಿತು. ಉತ್ತರ ಪ್ರದೇಶದ ಮೀರತ್‌ನ ಶಾಸ್ತ್ರಿನಗರದಲ್ಲಿ ವಾಸಕ್ಕೆಂದು ಹಂಚಿದ ನಿವೇಶನದಲ್ಲಿ ಅಂಗಡಿಗಳು ಎದ್ದಿದ್ದವು. ವರ್ಷಗಟ್ಟಲೆ ಯಾರೂ ಕೇಳಲಿಲ್ಲ, ದುಡ್ಡು ಸುರಿದಾಗಿದೆ ಎಂಬ ವಾದವನ್ನು ಕೋರ್ಟ್ ಒಪ್ಪಲಿಲ್ಲ. ಅಧಿಕಾರಿ ಸುಮ್ಮನಿದ್ದದ್ದು, ಕಾಲ ಕಳೆದದ್ದು, ಹಣ ಹೂಡಿದ್ದು ಯಾವುದೂ ಅಕ್ರಮಕ್ಕೆ ರಕ್ಷೆಯಲ್ಲ ಎಂದಿತು. ಅನಧಿಕೃತ ಕಟ್ಟಡದಲ್ಲಿ ವ್ಯಾಪಾರಕ್ಕೆ ಲೈಸೆನ್ಸ್ ಕೊಡಬಾರದು ಎಂದು ದೇಶದ ಎಲ್ಲ ಕಡೆಗೂ ಅನ್ವಯಿಸುವಂತೆ ನಿರ್ದೇಶನ ಕೊಟ್ಟಿತು.

"ಡಿಸಿ ಕನ್ವರ್ಷನ್ ಆಗಿದೆ"

ಕಲಿತವರೂ ಎಡವುವುದು ಇಲ್ಲಿ. ಜಿಲ್ಲಾಧಿಕಾರಿ ಮಾಡುವುದು 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಭೂ ಪರಿವರ್ತನೆ. ಕೃಷಿ ಜಮೀನು ಕೃಷಿಯೇತರವಾಗುತ್ತದೆ, ಅಷ್ಟೇ. ವಸತಿ ಎಂದು ಗುರುತಾದ ಜಾಗವನ್ನು ವಾಣಿಜ್ಯಕ್ಕೆ ತಿರುಗಿಸಲು ಬೇಕಾದದ್ದು ಯೋಜನಾ ಕಾಯ್ದೆಯ 14ಎ ಕಲಮಿನ ಭೂ ಉಪಯೋಗ ಬದಲಾವಣೆ. ಕಡತ ಬೇರೆ, ಕಚೇರಿ ಬೇರೆ, ಶುಲ್ಕ ಬೇರೆ. ವಾಸಕ್ಕೆಂದು ಪರಿವರ್ತನೆಯಾದ ಸೈಟಿನಲ್ಲಿ ಕಲ್ಯಾಣ ಮಂಟಪ ಕಟ್ಟಿ, ಆಮೇಲೆ ಕನ್ವರ್ಷನ್ ಆದೇಶ ಹಿಡಿದು ಓಡಾಡಿದರೆ ಅದು ಕೆಲಸಕ್ಕೆ ಬರುವುದಿಲ್ಲ.

"ದೊಡ್ಡವರು ಸಹಿ ಹಾಕಿದರೆ ಮುಗಿಯಿತು"

ಇದಕ್ಕೆ ಉತ್ತರ ಬೆಂಗಳೂರಿನ ಸದಾಶಿವನಗರದಲ್ಲೇ ಇದೆ. ಬಡಾವಣೆಯ ಯೋಜನೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಒಂದು ಜಾಗವನ್ನು ಒಂದು ಖಾಸಗಿ ಮೆಡಿಕಲ್ ಟ್ರಸ್ಟ್ ಕೇಳಿತು. ಮುಖ್ಯಮಂತ್ರಿಯ ಮಟ್ಟದಲ್ಲೇ ಆದೇಶವಾಯಿತು, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಹಂಚಿಕೆ ಮಾಡಿತು. ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು. ಮೇಲ್ಮನವಿಯಲ್ಲಿ ವಿಭಾಗೀಯ ಪೀಠ ಅವರ ಮಾತು ಒಪ್ಪಿತು. 1991ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು.

ಆ ತೀರ್ಪಿನ ಎರಡು ಮಾತು ಇಂದಿಗೂ ಬಡಾವಣೆಯ ನಿವಾಸಿಗಳ ಆಸ್ತಿ. ಕಾಯ್ದೆ ಯಾರಿಗೆ ಅಧಿಕಾರ ಕೊಟ್ಟಿದೆಯೋ ಅವರೇ, ಕಾಯ್ದೆ ಹೇಳಿದ ದಾರಿಯಲ್ಲೇ ತೀರ್ಮಾನಿಸಬೇಕು. ಕುರ್ಚಿ ಎಷ್ಟೇ ಎತ್ತರದ್ದಾದರೂ ಇಲ್ಲದ ಅಧಿಕಾರ ಹುಟ್ಟುವುದಿಲ್ಲ. ಎರಡನೆಯದು, ಪಾರ್ಕು ಕಳೆದುಕೊಳ್ಳುವ ಅಕ್ಕಪಕ್ಕದವರಿಗೆ ಪ್ರಶ್ನಿಸುವ ಹಕ್ಕಿದೆ. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಅಲ್ಲವೇ ಎಂಬ ವಾದವೂ ನಡೆದಿತ್ತು. ಖಾಸಗಿ ನರ್ಸಿಂಗ್ ಹೋಮ್ ಎಲ್ಲರಿಗೂ ತೆರೆದ ಉದ್ಯಾನಕ್ಕೆ ಸಮನಲ್ಲ ಎಂದು ಕೋರ್ಟ್ ಹೇಳಿತು. ಸೇವೆ ಒಳ್ಳೆಯದು ಎಂಬುದೂ ಜಾಗ ಸರಿಯಾದದ್ದು ಎಂಬುದೂ ಎರಡು ಬೇರೆ ಪ್ರಶ್ನೆಗಳು. 2011ರಲ್ಲಿ ನೋಯ್ಡಾದ ವಸತಿ ಸೆಕ್ಟರುಗಳ ಬ್ಯಾಂಕು, ನರ್ಸಿಂಗ್ ಹೋಮುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ ಇದೇ ನಿಲುವು ತಾಳಿತು.

"ಎದುರು ಮನೆಯವರಿಗೆ ಬಿಟ್ಟಿದ್ದಾರೆ, ನಮಗೇಕಿಲ್ಲ?"

ಕೇಳಲು ನ್ಯಾಯವೆನಿಸುವ ಮಾತು. ಆದರೆ ಸಮಾನತೆಯ ಹಕ್ಕು ತಪ್ಪಿನಲ್ಲಿ ಪಾಲು ಕೇಳಲು ಇರುವುದಲ್ಲ ಎಂಬುದು ನ್ಯಾಯಾಲಯಗಳಲ್ಲಿ ಇತ್ಯರ್ಥವಾದ ವಿಷಯ.

"ಹೇಗೂ ಅಕ್ರಮ-ಸಕ್ರಮ ಬರುತ್ತದೆ"

ಎಷ್ಟೋ ಕಟ್ಟಡಗಳ ಪಾಯ ಈ ನಂಬಿಕೆಯ ಮೇಲೇ ನಿಂತಿದೆ. ಅಕ್ರಮ ಕಟ್ಟಡಗಳನ್ನು ಸಕ್ರಮಗೊಳಿಸಲು ಸರ್ಕಾರ ರೂಪಿಸಿದ ಈ ಯೋಜನೆಯಲ್ಲಿ ವಸತಿ ಕಟ್ಟಡಕ್ಕೆ ಶೇ 50ರವರೆಗೆ, ವಸತಿಯೇತರ ಕಟ್ಟಡಕ್ಕೆ ಶೇ 25ರವರೆಗೆ ಉಲ್ಲಂಘನೆಗಷ್ಟೇ ಅವಕಾಶವಿತ್ತು. ಅದೂ 2013ರ ಅಕ್ಟೋಬರ್ 19ಕ್ಕೆ ಮುಂಚೆ ಆದದ್ದಕ್ಕೆ. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಯೋಜನೆಯನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಇವತ್ತು ಗೋಡೆ ಒಡೆದು ಅಂಗಡಿ ಇಡುವವರಿಗೆ ಇದರಲ್ಲಿ ಆಸರೆ ಹುಡುಕಲು ಏನೂ ಇಲ್ಲ.

"ಮನೆಯಲ್ಲಿ ವ್ಯಾಪಾರ ಎಂದರೇ ಅಪರಾಧ"

ಇದು ಎದುರು ಬದಿಯ ತಪ್ಪು ಕಲ್ಪನೆ. ಬಡಾವಣೆ ಸಂಘಗಳ ಸಭೆಯಲ್ಲಿ ಕೂತಾಗ ಇದು ಕಿವಿಗೆ ಬಿದ್ದು ನನಗೆ ಬೇಸರವಾಗುತ್ತದೆ. ಹೊಲಿಗೆ ಮೆಷಿನ್ ಇಟ್ಟುಕೊಂಡ ಹೆಣ್ಣುಮಗಳು, ಮುಂದಿನ ಕೋಣೆಯಲ್ಲಿ ರೋಗಿಗಳನ್ನು ನೋಡುವ ವೈದ್ಯರು, ಮನೆಯಲ್ಲೇ ಕಡತ ನೋಡುವ ವಕೀಲರು, ಮೂಲೆಯ ಕಿರಾಣಿ ಅಂಗಡಿ: ವಲಯ ನಿಯಮಾವಳಿ ಇಂಥವಕ್ಕೆ ಮಿತಿಯೊಳಗೆ ಜಾಗ ಬಿಟ್ಟಿದೆ. ಅದಕ್ಕೂ ಹೆಚ್ಚು ಬೇಕಾದವರು ಉಪಯೋಗ ಬದಲಾವಣೆ ಕೇಳಿ ಅರ್ಜಿ ಹಾಕುವುದು ತಪ್ಪಲ್ಲ, ಅದೇ ಸರಿಯಾದ ದಾರಿ. ಊರು ಬೆಳೆಯುತ್ತದೆ, ನಕ್ಷೆ ಹಳೆಯದಾಗುತ್ತದೆ. ಅದಕ್ಕೇ ಕಾಯ್ದೆ 14ಎ ಎಂಬ ಬಾಗಿಲು ಇಟ್ಟಿದೆ. ಕಾಂಪೌಂಡ್ ಒಡೆಯುವ ಮೊದಲು ಆ ಬಾಗಿಲು ತಟ್ಟಬೇಕು.

"ಅರ್ಜಿ ಅವರದ್ದು, ತೀರ್ಮಾನ ಸರ್ಕಾರದ್ದು, ನಮಗೇನು ಸಂಬಂಧ?"

ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡಿದ ನಂಬಿಕೆ ಇದು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಒದಗಬೇಕು ಎಂದು 14ಎ ಹೇಳುತ್ತದೆ. ಆ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಕನಿಷ್ಠ 15 ದಿನ ಆಕ್ಷೇಪಣೆಗೆ ಕಾಲಾವಕಾಶ ಕೊಡಬೇಕು ಎಂದೂ ಹೇಳುತ್ತದೆ. ಅಮೆರಿಕದ ಊರುಗಳಲ್ಲಿ ಇಂಥ ವಿನಾಯಿತಿಯ ಅರ್ಜಿ ಬಂದರೆ ಬಹಿರಂಗ ಸಭೆ ನಡೆಯುತ್ತದೆ, ಪಕ್ಕದ ಮನೆಯವರು ಎದ್ದು ನಿಂತು ಮಾತಾಡುತ್ತಾರೆ. ನಮ್ಮಲ್ಲಿ ಆ ಸಭೆಯ ಜಾಗದಲ್ಲಿರುವುದು ಪತ್ರಿಕೆಯ ಒಳಪುಟದ ಒಂದು ಚೌಕ.

ಆ ಚೌಕವನ್ನು ಒಮ್ಮೆ ಹತ್ತಿರದಿಂದ ನೋಡಿ. ಟೆಂಡರ್ ಮತ್ತು ಹರಾಜು ಪ್ರಕಟಣೆಗಳ ನಡುವೆ, ಇರುವೆ ಸಾಲಿನಂಥ ಅಕ್ಷರ. ಸರ್ವೆ ನಂಬರು, ಹೋಬಳಿ, ವಿಸ್ತೀರ್ಣ. ಕೆಳಗೆ "ವಸತಿಯಿಂದ ವಾಣಿಜ್ಯಕ್ಕೆ" ಎಂಬ ಎರಡು ಪದ. ನಮ್ಮ ಬೀದಿ ಬದಲಾಗುವುದು ಆ ಎರಡು ಪದದಲ್ಲಿ. ಬಡಾವಣೆಯ ಹೆಸರು ದೊಡ್ಡದಾಗಿ ಹಾಕಿದ್ದರೆ ಎಷ್ಟೋ ಜನ ಓದುತ್ತಿದ್ದರು. ಸರ್ವೆ ನಂಬರು ಗೊತ್ತಿಲ್ಲದವರಿಗೆ ಅದು ತಮ್ಮ ಬೀದಿ ಎಂದೇ ತಿಳಿಯುವುದಿಲ್ಲ. ಅರ್ಜಿ ಬಂದ ಜಾಗದ ಮುಂದೆಯೇ ಬೋರ್ಡು ಹಾಕಿಸಬೇಕು ಎಂಬುದು ನನ್ನ ಒತ್ತಾಯ.

ಅಲ್ಲಿಯವರೆಗೆ ಹೀಗೆ ಮಾಡಿ. ನಿಮ್ಮ ಮನೆ ಯಾವ ಸರ್ವೆ ನಂಬರಿನಲ್ಲಿದೆ ಎಂದು ಕ್ರಯಪತ್ರ ತೆಗೆದು ನೋಡಿಕೊಳ್ಳಿ. ಪ್ರಕಟಣೆ ಕಂಡರೆ ರಸ್ತೆಯ ಅಗಲ, ಚರಂಡಿಯ ಸ್ಥಿತಿ, ಶಾಲೆಯ ದೂರ, ವಾಹನ ನಿಲ್ಲಿಸಲು ಜಾಗವಿದೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬೈಗುಳ ಬೇಡ, ಅಳತೆ ಬರೆಯಿರಿ. ಗಡುವು ಮುಗಿಯುವ ಮೊದಲು ಯೋಜನಾ ಪ್ರಾಧಿಕಾರದ ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡೇ ಹೊರಗೆ ಬನ್ನಿ.