ವಾರಕ್ಕೊಂದು ವೇಷ: ಸತೀಶ್ ಶಾ ಅವರ ಕಿರುತೆರೆ ಹಾಸ್ಯ

ಹಗಲುವೇಷದ ಕಲಾವಿದನಿಗೆ ರಂಗಮಂಟಪವಿಲ್ಲ, ರಾತ್ರಿಯ ಮರೆಯೂ ಇಲ್ಲ. ಊರಬೀದಿಯಲ್ಲಿ ಇಂದು ಒಂದು ವೇಷ, ನಾಳೆ ಮತ್ತೊಂದು. ನಿನ್ನೆ ಬಂದವನೇ ಇಂದು ಬೇರೆಯಾಗಿ ಬಂದಿದ್ದಾನೆಂಬುದು ನೋಡುವವರಿಗೆ ತಿಳಿದಿರುತ್ತದೆ. ಆ ತಿಳಿವಿನಲ್ಲಿಯೇ ರಂಜನೆಯ ಮೂಲವಿದೆ. ಉತ್ತರ ಭಾರತದಲ್ಲಿ ಬಹುರೂಪಿಯೆಂದು ಪರಿಚಿತವಾದ ಈ ಕಲಾತತ್ತ್ವವು 1984ರಲ್ಲಿ ದೂರದರ್ಶನದ ತೆರೆಯ ಮೇಲೆ ಕಾಣಿಸಿಕೊಂಡಿತು. ಹಿಂದಿ ಹಾಸ್ಯ ಧಾರಾವಾಹಿ ‘ಯೇ ಜೋ ಹೈ ಜಿಂದಗಿ’ಯಲ್ಲಿ ಅದನ್ನು ಸಾಧಿಸಿದವರು ಸತೀಶ್ ಶಾ.

ಶಾ ಅವರು 1951ರ ಜೂನ್ 25ರಂದು ಮುಂಬಯಿಯಲ್ಲಿ ಕಚ್ಛೀ ಮೂಲದ ಗುಜರಾತಿ ಕುಟುಂಬದಲ್ಲಿ ಜನಿಸಿದರು. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಅಭಿನಯದ ಶಿಕ್ಷಣ ಪಡೆದರು. ಗುಜರಾತಿನ ಜನಪದ ರಂಗಪ್ರಕಾರವಾದ ಭವಾಯಿಯಲ್ಲಿ ಒಂದೊಂದು ಕಿರುನಾಟಕಕ್ಕೂ ‘ವೇಶ’ ಎಂದೇ ಹೆಸರಿದೆ. ಇಲ್ಲಿ ನೇರ ಪ್ರಭಾವವನ್ನು ಹುಡುಕುವುದು ಅತಿಯಾದೀತು. ಆದರೆ ತತ್ತ್ವದ ಸಾಮ್ಯವನ್ನು ಕಡೆಗಣಿಸುವಂತಿಲ್ಲ.

1983ರಲ್ಲಿ ತೆರೆಕಂಡ ಕುಂದನ್ ಶಾ ನಿರ್ದೇಶನದ ‘ಜಾನೇ ಭೀ ದೋ ಯಾರೋ’ ಚಿತ್ರದಲ್ಲಿ ಅವರದು ಭ್ರಷ್ಟ ಕಮಿಷನರ್ ಡಿ’ಮೆಲ್ಲೊನ ಪಾತ್ರ. ಚಿತ್ರದ ಉತ್ತರಾರ್ಧದಲ್ಲಿ ಆತ ಹೆಣ. ಮಾತಿಲ್ಲ, ಕಣ್ಣಿನ ಚಲನೆಯಿಲ್ಲ. ಹಾಸ್ಯನಟನ ಸಾಧನಗಳೆಲ್ಲ ಕಸಿದುಹೋದ ಮೇಲೆ ಉಳಿಯುವುದು ದೇಹದ ಭಾರವೊಂದೇ. ಕೊನೆಗೆ ಆ ಹೆಣವನ್ನು ಮಹಾಭಾರತ ನಾಟಕದ ನಡುವೆ ದ್ರೌಪದಿಯ ಸೀರೆಯಲ್ಲಿ ನಿಲ್ಲಿಸಲಾಗುತ್ತದೆ. ವಸ್ತ್ರಾಪಹರಣದ ಪ್ರಸಂಗ ಅಡ್ಡದಾರಿ ಹಿಡಿದು, ಪೌರಾಣಿಕ ಗಾಂಭೀರ್ಯವೆಲ್ಲ ಕುಸಿಯುತ್ತದೆ. ಹೆಣಕ್ಕೇ ವೇಷ ಹಾಕಿದ ಈ ದೃಶ್ಯವನ್ನು ಕೇವಲ ಪ್ರಹಸನವೆಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಪುರಾಣವನ್ನು ಅಣಕಿಸುತ್ತಲೇ ಸಮಕಾಲೀನ ಅಧಿಕಾರವನ್ನು ಬಯಲಿಗೆಳೆಯುವ ರೀತಿ ಬಯಲಾಟದ ಹಾಸ್ಯಗಾರನಿಗೂ ಹೊಸದಲ್ಲ.

ಮರುವರ್ಷ ಬಂದ ‘ಯೇ ಜೋ ಹೈ ಜಿಂದಗಿ’ಯನ್ನು ಬರೆದವರು ಹಿಂದಿಯ ವಿಡಂಬನಕಾರ ಶರದ್ ಜೋಶಿ. ಶಫಿ ಇನಾಮದಾರ್, ಸ್ವರೂಪ್ ಸಂಪತ್, ರಾಕೇಶ್ ಬೇಡಿ ಇವರ ಮನೆಯ ಪಾತ್ರಗಳು ಸ್ಥಿರ. ಆ ಮನೆಗೆ ಪ್ರತಿವಾರ ಹೊಸಬನಾಗಿ ಬರುವವರು ಶಾ. 55 ಕಂತುಗಳಲ್ಲಿ 55 ಪಾತ್ರಗಳೆಂಬುದು ಪ್ರಸಿದ್ಧವಾದ ಲೆಕ್ಕ. ವೃತ್ತಿ, ಪ್ರಾಂತ, ಉಚ್ಚಾರಣೆಗಳ ಅಣಕವೇ ಇಲ್ಲಿನ ಬಂಡವಾಳ. ಇಂತಹ ಅಣಕದಲ್ಲಿ ಪ್ರಾದೇಶಿಕ ಪೂರ್ವಗ್ರಹ ನುಸುಳುವುದುಂಟು, ಅದನ್ನು ಮರೆಮಾಚಬೇಕಿಲ್ಲ. ಆದರೂ ವೇಷ ಬದಲಾದಂತೆಲ್ಲ ಪ್ರೇಕ್ಷಕರು ಕಾಯುತ್ತಿದ್ದುದು ಪಾತ್ರಕ್ಕಿಂತ ಹೆಚ್ಚಾಗಿ ‘ಈ ವಾರ ಇವನು ಯಾರಾಗಿ ಬರುತ್ತಾನೆ’ ಎಂಬುದಕ್ಕೆ. ಬೀದಿಯ ಕಲೆಗೂ ಕಿರುತೆರೆಗೂ ನಡುವಣ ನಂಟು ಇರುವುದು ಈ ಕಾತರದಲ್ಲಿಯೇ.

1995ರ ‘ಫಿಲ್ಮೀ ಚಕ್ಕರ್’ ಒಂದು ನಡುದಾರಿ. ರತ್ನಾ ಪಾಠಕ್ ಶಾ ಅವರೊಡನೆ ಅದರಲ್ಲಿ ಆರಂಭವಾದ ಜೋಡಿ 2004ರಲ್ಲಿ ಸ್ಟಾರ್ ಒನ್ ವಾಹಿನಿಯ ‘ಸಾರಾಭಾಯಿ ವರ್ಸಸ್ ಸಾರಾಭಾಯಿ’ಯಲ್ಲಿ ಪೂರ್ಣ ಫಲ ನೀಡಿತು. ಆತೀಶ್ ಕಪಾಡಿಯಾ ಬರೆದ ಈ ಧಾರಾವಾಹಿಯಲ್ಲಿ ಬಹುರೂಪಿಯು ಒಂದೇ ವೇಷದಲ್ಲಿ ನೆಲೆನಿಂತ. ದಕ್ಷಿಣ ಮುಂಬಯಿಯ ಸಿರಿವಂತ ಮನೆಯ ಯಜಮಾನ ಇಂದ್ರವದನನಿಗೆ ತಿನಿಸಿನ ಚಪಲ, ಹೆಂಡತಿ ಮಾಯಾಳ ನಯನಾಜೂಕಿನ ಬಗ್ಗೆ ಕುಚೋದ್ಯ, ಅತ್ತೆ-ಸೊಸೆಯರ ಜಗಳಕ್ಕೆ ಎಣ್ಣೆ ಸುರಿಯುವ ಉತ್ಸಾಹ. ಸಂಸ್ಕೃತ ನಾಟಕದ ವಿದೂಷಕನ ಹೊಟ್ಟೆಬಾಕತನವೂ ಜನಪದರು ಕಲ್ಪಿಸಿಕೊಂಡ ನಾರದನ ಕಲಹಪ್ರಿಯತೆಯೂ ಇಲ್ಲಿ ಒಬ್ಬನಲ್ಲೇ ಬೆರೆತಿವೆ. ಕುತೂಹಲದ ಸಂಗತಿಯೆಂದರೆ, ವಿದೂಷಕ ಸಾಮಾನ್ಯವಾಗಿ ರಾಜನ ಆಶ್ರಿತ. ಇಂದ್ರವದನನಾದರೋ ಮನೆಯ ಒಡೆಯನಾಗಿದ್ದುಕೊಂಡೇ ವಿದೂಷಕನ ಸ್ವಾತಂತ್ರ್ಯವನ್ನು ಕಸಿದುಕೊಂಡವನು. ಮಾಯಾಳ ಸಿಟ್ಟಿಗೆ ಅದರಿಂದಲೇ ನ್ಯಾಯವೂ ಇದೆ.

ಮೊದಲ ಪ್ರಸಾರದಲ್ಲಿ ಈ ಧಾರಾವಾಹಿಗೆ ದೊಡ್ಡ ಪ್ರೇಕ್ಷಕವರ್ಗ ದೊರೆಯಲಿಲ್ಲ. 2006ರಲ್ಲಿ ಅದು ನಿಂತ ಬಳಿಕ ಮರುಪ್ರಸಾರ ಹಾಗೂ ಅಂತರ್ಜಾಲದ ಮೂಲಕ ಅದರ ಮಾತುಗಳು ಯುವಜನರ ಬಾಯಿಗೆ ಬಂದವು. 2017ರಲ್ಲಿ ಹಾಟ್‌ಸ್ಟಾರ್‌ನಲ್ಲಿ ಎರಡನೆಯ ಸರಣಿಯೂ ಬಂತು. 2025ರ ಅಕ್ಟೋಬರ್ 25ರಂದು ಮುಂಬಯಿಯಲ್ಲಿ, 74ನೆಯ ವಯಸ್ಸಿನಲ್ಲಿ ಶಾ ನಿಧನರಾದಾಗ, ಜನ ಹೆಚ್ಚಾಗಿ ನೆನೆದದ್ದು ಇಂದ್ರವದನನನ್ನು.