ಶಾಲೆಯ ಮೈದಾನದಿಂದ ಕಾಲೇಜಿನ ತಂಡಕ್ಕೆ: ವಿಜಯಪುರದ ದಾರಿ

ವಿಜಯಪುರ ಜಿಲ್ಲೆಯಲ್ಲಿ ಪ್ರೌಢಶಾಲೆಯ ಆಟಗಾರರು ಕಾಲೇಜಿನ ತಂಡವನ್ನೂ ಅಲ್ಲಿಂದ ನೌಕರಿಯನ್ನೂ ತಲುಪುವ ದಾರಿಯನ್ನು ಕಟ್ಟಿದ್ದು ಕಾಲೇಜುಗಳಲ್ಲ. ಶಾಲಾ ಕ್ರೀಡಾಕೂಟ, ಸರ್ಕಾರದ ಕ್ರೀಡಾ ವಸತಿ ನಿಲಯ ಮತ್ತು ರೈಲ್ವೆಯ ನೇಮಕಾತಿ ಬೇರೆ ಬೇರೆ ಕಾಲದಲ್ಲಿ ಹುಟ್ಟಿ, ಮೆಲ್ಲಗೆ ಒಂದಕ್ಕೊಂದು ಕೂಡಿಕೊಂಡು ಈ ದಾರಿಯಾಯಿತು. ಅಮೆರಿಕದಲ್ಲಿ ಕಾಲೇಜಿನ ತರಬೇತುದಾರರೇ ಪ್ರತಿಭೆಯನ್ನು ಅರಸಿ ಶಾಲೆಗೆ ಬರುತ್ತಾರೆ, ಆಟಕ್ಕೆಂದೇ ವಿದ್ಯಾರ್ಥಿವೇತನ ಕೊಡುತ್ತಾರೆ. ಇಲ್ಲಿ ವಿದ್ಯಾರ್ಥಿಯೇ ಪ್ರಮಾಣಪತ್ರಗಳನ್ನು ಕೂಡಿಸಿಕೊಂಡು ಬಾಗಿಲಿಂದ ಬಾಗಿಲಿಗೆ ಹೋಗಬೇಕು.

ದಾರಿಯ ಮೊದಲ ಮಜಲು ಶಾಲಾ ಕ್ರೀಡಾಕೂಟ. 1954ರಲ್ಲಿ ಭಾರತೀಯ ಶಾಲಾ ಕ್ರೀಡಾ ಒಕ್ಕೂಟ ಸ್ಥಾಪನೆಯಾದ ಮೇಲೆ ಕೆಳಗಿನ ಹಂತದ ಗೆಲುವು ಜಿಲ್ಲೆ, ವಿಭಾಗ, ರಾಜ್ಯಗಳನ್ನು ದಾಟಿ ರಾಷ್ಟ್ರಮಟ್ಟದವರೆಗೆ ಲೆಕ್ಕಕ್ಕೆ ಬರುವಂತಾಯಿತು. ಎರಡನೆಯದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ವಸತಿ ನಿಲಯ, ಅಂದರೆ ಊಟ, ವಸತಿ, ತರಬೇತಿಗಳನ್ನು ಸರ್ಕಾರವೇ ವಹಿಸಿಕೊಂಡು ಆಟಗಾರರನ್ನು ಓದಿಸುವ ವ್ಯವಸ್ಥೆ. ವಿಜಯಪುರದ ನಿಲಯಕ್ಕೆ ಹೆಸರು ತಂದದ್ದು ಸೈಕ್ಲಿಂಗ್. ಸ್ಪರ್ಧೆಯ ಸೈಕಲ್ಲಿನ ಬೆಲೆ ಒಕ್ಕಲುತನದ ಮನೆಗೆ ಎಟುಕುವಂಥದಲ್ಲವಾದ್ದರಿಂದ, ನಿಲಯದ ಸೈಕಲ್ಲು ಇಲ್ಲದಿದ್ದರೆ ಈ ಕ್ರೀಡೆ ಹಳ್ಳಿಯ ಮಕ್ಕಳಿಗೆ ದಕ್ಕುತ್ತಲೇ ಇರಲಿಲ್ಲ. ಸವಾರರನ್ನು ಒಬ್ಬೊಬ್ಬರನ್ನಾಗಿ ಬಿಟ್ಟು ಗಡಿಯಾರದ ಮೇಲೆ ಅಳೆಯುವ ಟೈಮ್ ಟ್ರಯಲ್ ಎಂಬ ಸ್ಪರ್ಧೆಗೆ ಬಯಲುನಾಡಿನ ನೇರ ರಸ್ತೆಗಳು ಒಳ್ಳೆಯ ಅಭ್ಯಾಸದ ತಾಣವೂ ಆದವು.

ನಿಲಯಕ್ಕೆ ಮಕ್ಕಳನ್ನು ಆಯ್ಕೆ ಮಾಡುವಾಗ ಗೆದ್ದ ಪದಕವನ್ನಷ್ಟೇ ನೋಡುವುದಿಲ್ಲ. ಎತ್ತರ, ತೂಕ, 30 ಮೀಟರ್ ವೇಗದ ಓಟ, ನಿಂತಲ್ಲಿಂದಲೇ ಮುಂದಕ್ಕೆ ಜಿಗಿಯುವ ಜಿಗಿತ, 800 ಮೀಟರ್ ಓಟ ಇವೆಲ್ಲವನ್ನೂ ಅಳೆದು, ಈಗಿನ ಸಾಧನೆಗಿಂತ ಮುಂದೆ ಬೆಳೆಯಬಲ್ಲ ದೇಹವನ್ನು ಗುರುತಿಸುವ ಪ್ರಯತ್ನ ನಡೆಯುತ್ತದೆ. ಇದು ಸರಿಯಾದ ಕ್ರಮವೇ. ಮೊದಲೇ ತರಬೇತಿ ಪಡೆದವರಿಗಿಂತ ಹಿಂದುಳಿದ ಊರಿನ ಮಗುವಿಗೆ ಇದರಿಂದ ನ್ಯಾಯ ಸಿಗುತ್ತದೆ.

ಹನ್ನೆರಡನೆಯ ತರಗತಿ ಮುಗಿದಾಗ ದಾರಿ ಕವಲೊಡೆಯುತ್ತದೆ. ವೃತ್ತಿಶಿಕ್ಷಣ ಬಯಸುವವರಿಗೆ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಕ್ರೀಡಾ ಕೋಟಾ, ಅಂದರೆ ಮಾನ್ಯತೆ ಪಡೆದ ಕೂಟಗಳ ಸಾಧನೆಗೆ ಮೀಸಲಾದ ಸೀಟುಗಳಿವೆ; ಪದವಿ ಕಾಲೇಜು ಸೇರಿದವರು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಆಡಬಹುದು. 2020ರಲ್ಲಿ ಆರಂಭವಾದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಆ ಮಟ್ಟದ ಆಟಕ್ಕೆ ಹೊಸ ಮಹತ್ವ ತಂದಿತು. ಯಾವ ಕೂಟದ ಪ್ರಮಾಣಪತ್ರಕ್ಕೆ ಮಾನ್ಯತೆಯಿದೆ ಎಂಬುದನ್ನು ಆಡುವ ಮೊದಲೇ ತಿಳಿದಿರದಿದ್ದರೆ, ವರ್ಷಗಟ್ಟಲೆ ಬೆವರು ಸುರಿಸಿ ಗಳಿಸಿದ ಹಾಳೆ ಪ್ರವೇಶದ ದಿನ ಲೆಕ್ಕಕ್ಕೇ ಬಾರದೆ ಹೋಗುತ್ತದೆ.

ಮನೆಯವರ ಕಣ್ಣು ಮಾತ್ರ ಕೊನೆಯ ಮಜಲಾದ ರೈಲ್ವೆ ನೌಕರಿಯ ಮೇಲಿರುತ್ತದೆ, ಅದು ಸಹಜವೂ ಹೌದು. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ನೈಋತ್ಯ ರೈಲ್ವೆ ಆರಂಭವಾದಾಗ ಈ ಅವಕಾಶ ಇನ್ನಷ್ಟು ಹತ್ತಿರವಾಯಿತು. ವಿಜಯಪುರದ ರಾಜೇಶ್ವರಿ ಗಾಯಕವಾಡ ರೈಲ್ವೆ ತಂಡದ ಪರ ಆಡಿದ ಕ್ರಿಕೆಟ್ ಸ್ಪಿನ್ನರ್. ಅವರು 2017ರ ಮಹಿಳಾ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಕೇವಲ 15 ರನ್ ಕೊಟ್ಟು 5 ವಿಕೆಟ್ ಪಡೆದದ್ದು ಜಿಲ್ಲೆಯ ಹೆಣ್ಣುಮಕ್ಕಳ ಆಟವನ್ನು ಮನೆಮನೆಯ ಮಾತಾಗಿಸಿತು.

ಆದರೆ ಈ ದಾರಿ ಎಲ್ಲ ಊರಿಗೂ ಸಮನಾಗಿ ತೆರೆದಿಲ್ಲ. ಹಿಂದೆ ವಿಜಯಪುರ ತಾಲ್ಲೂಕಿಗೇ ಸೇರಿದ್ದ ತಿಕೋಟಾ ಮತ್ತು ಬಬಲೇಶ್ವರ ಈಗ ಪ್ರತ್ಯೇಕ ತಾಲ್ಲೂಕುಗಳು. ಎರಡೂ ನಗರದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದವು. ದೂರ ಅಷ್ಟೇ ಆದರೂ, ನಿಲಯದ ಆಯ್ಕೆಯ ಪ್ರಕಟಣೆ ಹೊರಬಿದ್ದ ಸುದ್ದಿ ದ್ರಾಕ್ಷಿ ತೋಟಗಳ ನಡುವಿನ ಶಾಲೆಗೆ ಮುಟ್ಟುವುದು ಅಲ್ಲಿನ ದೈಹಿಕ ಶಿಕ್ಷಕರ ಮೂಲಕವೇ ಆದ್ದರಿಂದ, ಆ ಹುದ್ದೆ ಖಾಲಿ ಉಳಿದ ಶಾಲೆಯ ಮಕ್ಕಳು ಓಡುವ ಮೊದಲೇ ಹಿಂದೆ ಬೀಳುತ್ತಾರೆ.