ಸೂರಿನ ನೀರಿಗೆ ದಾರಿ

2022ನೆಯ ಇಸವಿಯ ಅಕ್ಟೋಬರಿನಲ್ಲಿ ಮೈಸೂರಿಗೆ ಮಳೆ ಬಿಡದೆ ಹಿಡಿಯಿತು. ಆ ತಿಂಗಳಲ್ಲೇ ಅರಮನೆಯ ಕೋಟೆ ಗೋಡೆಯ ಒಂದು ಭಾಗ ಕುಸಿಯಿತು. ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗವೂ ಬಿತ್ತು. ಅದಕ್ಕೆ ಹತ್ತು ವರ್ಷ ಮೊದಲು, 2012ರ ಆಗಸ್ಟಿನಲ್ಲಿ, ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡದ್ದು ನಿಮಗೆ ನೆನಪಿರಬಹುದು. ಹಳೆಯ ಕಟ್ಟಡ ಬೀಳುವುದಕ್ಕೆ ಕಾರಣ ಒಂದೇ ಇರುವುದಿಲ್ಲ, ನಿಜ. ಆದರೆ ಸುಣ್ಣದ ಗಾರೆಯಿಂದ ಕಟ್ಟಿದ ಗೋಡೆಗೆ ವರ್ಷಗಟ್ಟಲೆ ಒಳಗೊಳಗೇ ಇಳಿಯುವ ನೀರಿಗಿಂತ ದೊಡ್ಡ ಶತ್ರು ಬೇರೊಂದಿಲ್ಲ. ಅರಮನೆಗೆ ಅನ್ವಯಿಸುವ ಈ ಮಾತು ನಿಮ್ಮ ನಮ್ಮ ಮನೆಗೂ ಅನ್ವಯಿಸುತ್ತದೆ. ಆದುದರಿಂದ ಸೂರಿನ ಮೇಲೆ ಬಿದ್ದ ನೀರು ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಮೊದಲು ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಮೂವತ್ತು ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆಯ ತಾರಸಿ 80 ಚದರ ಮೀಟರ್, ಎಂದರೆ ಸುಮಾರು 860 ಚದರ ಅಡಿ ಇದೆಯೆನ್ನಿ. ಮೈಸೂರಿಗೆ ವರ್ಷದಲ್ಲಿ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ಹಾಗಾದರೆ ನಿಮ್ಮ ತಲೆಯ ಮೇಲೆ ವರ್ಷಕ್ಕೆ ಅರವತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ.

ಆದರೆ ಕೊಳವೆಯ ಅಳತೆಯನ್ನು ವರ್ಷದ ಮಳೆಯಿಂದ ಗೊತ್ತುಮಾಡುವಂತಿಲ್ಲ. ಕಾಲುಗಂಟೆಯ ಮಳೆಯಿಂದ ಗೊತ್ತುಮಾಡಬೇಕು. ನಮ್ಮ ಊರಿನಲ್ಲಿ ಜೋರಾದ ಮಳೆ ಬರುವುದು ಹೆಚ್ಚಾಗಿ ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ, ಮತ್ತೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಹಸ್ತ ಚಿತ್ತಾ ನಕ್ಷತ್ರಗಳ ಕಾಲದಲ್ಲಿ. ಅಂಥ ಒಂದು ಸಂಜೆ ಹದಿನೈದು ನಿಮಿಷದಲ್ಲಿ 25 ಮಿಲಿಮೀಟರ್ ಸುರಿದರೆ ಈ ತಾರಸಿಯ ಮೇಲೆ ಎರಡು ಸಾವಿರ ಲೀಟರ್ ನೀರು ಬೀಳುತ್ತದೆ. ಹದಿನೈದು ಲೀಟರಿನ ಕೊಡವನ್ನು ಏಳು ಸೆಕೆಂಡಿಗೊಂದರಂತೆ ಯಾರೋ ಬಗ್ಗಿಸಿದ ಹಾಗೆ! ಇದರ ತೂಕ ಎರಡು ಟನ್ನು. ನೀರು ಹೊರಹೋಗುವ ಬಾಯಿ ಕಟ್ಟಿಕೊಂಡಿದ್ದರೆ ಅಷ್ಟು ಭಾರವೂ ನೀವು ಮಲಗುವ ಕೋಣೆಯ ಮೇಲೆಯೇ ನಿಲ್ಲುತ್ತದೆ.

ಈ ನೀರನ್ನು ಇಳಿಸಲು ಎಷ್ಟು ಕೊಳವೆ ಬೇಕು? ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಇದಕ್ಕೊಂದು ಪಟ್ಟಿ ಇದೆ. ಗಂಟೆಗೆ 100 ಮಿಲಿಮೀಟರ್ ವೇಗದ ಮಳೆಗೆ, ಮೂರಂಗುಲದ ಒಂದು ಕೊಳವೆ ಸುಮಾರು 20 ಚದರ ಮೀಟರ್ ತಾರಸಿಯನ್ನು ಮಾತ್ರ ನಿಭಾಯಿಸುತ್ತದೆ; ನಾಲ್ಕಂಗುಲದ್ದು 42 ಚದರ ಮೀಟರಿಗೂ ಸ್ವಲ್ಪ ಹೆಚ್ಚು. ಒಂದೇ ಅಂಗುಲ ದೊಡ್ಡದಾದರೆ ಕೆಲಸ ಎರಡರಷ್ಟಾಗುತ್ತದೆ ಎಂಬುದನ್ನು ಗಮನಿಸಿ. ನಮ್ಮ 80 ಚದರ ಮೀಟರಿಗೆ ನಾಲ್ಕಂಗುಲದ ಎರಡು ಕೊಳವೆ ಸಾಕು. ಮೂರಂಗುಲದ್ದಾದರೆ ನಾಲ್ಕು ಬೇಕು. ಖರ್ಚು ಉಳಿಯಿತೆಂದು ಮೂಲೆಯಲ್ಲಿ ಮೂರಂಗುಲದ ಒಂದೇ ಕೊಳವೆ ಇಡಿಸಿದವರು ಆ ಉಳಿತಾಯವನ್ನು ಮುಂದೆ ಚಾವಣಿಯ ದುರಸ್ತಿಗೆ ಕೊಡಬೇಕಾಗುತ್ತದೆ.

ನಮ್ಮ ಹಿರಿಯರ ಮನೆಗಳಲ್ಲಿ ಈ ತೊಂದರೆ ಇಷ್ಟಿರಲಿಲ್ಲ. ತೊಟ್ಟಿಯ ಮನೆಯಲ್ಲಿ ನಾಲ್ಕು ಕಡೆಯ ಹೆಂಚಿನ ಇಳಿಜಾರೂ ಒಳಗಿನ ತೊಟ್ಟಿಗೆ ನೀರು ಸುರಿಯುತ್ತಿತ್ತು. ಅಲ್ಲಿಂದ ಮೋರಿಯ ದಾರಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ನಮ್ಮ ಸೀಮೆಗೂ ಬಂತು. ಸೂರಿನಂಚಿಗೆ ತಗಡಿನ ದೋಣಿ ಕಟ್ಟುವುದು ವಾಡಿಕೆಯಾಯಿತು. ಇಳಿಜಾರಾದ ಸೂರಿನಲ್ಲಿ ನೀರು ನಿಲ್ಲುವುದಿಲ್ಲ. ಹೆಂಚೊಂದು ಒಡೆದರೆ ಆ ರಾತ್ರಿಯೇ ತೊಟ್ಟಿಕ್ಕಿ ನಿಮ್ಮನ್ನು ಎಬ್ಬಿಸುತ್ತದೆ. ತಾರಸಿಯ ಗುಣ ಬೇರೆ. ಅದರಲ್ಲಿ ನೀರು ನಿಂತದ್ದು ಕೆಳಗಿರುವವರಿಗೆ ಕಾಣದು. ನಿಂತ ನೀರು ಸಣ್ಣ ಬಿರುಕಿನಲ್ಲಿ ಇಳಿದು ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ, ಸುತ್ತಲಿನ ಕಾಂಕ್ರೀಟನ್ನೇ ಒಡೆಯುತ್ತದೆ. ಮರದ ತೊಲೆಗಳ ಮೇಲೆ ಇಟ್ಟಿಗೆ ಗಾರೆ ಹಾಕಿದ ಮದರಾಸು ತಾರಸಿಯಾದರೆ, ತೊಲೆಯ ತುದಿ ಗೋಡೆಯೊಳಗೆ ಸೇರಿದ ಕಡೆಯಲ್ಲೇ ಕೊಳೆಯುತ್ತದೆ. ಎರಡೂ ಕಡೆ ರೋಗ ಬೆಳೆದ ಮೇಲೆಯೇ ಗುರುತು ಕಾಣುವುದು.

ಆದುದರಿಂದ ಮನೆ ಕಟ್ಟಿಸುವಾಗಲೇ ಮೇಸ್ತ್ರಿಯ ಸಂಗಡ ಕೆಲವು ಮಾತು ಖಂಡಿತವಾಗಿ ಆಡಿಬಿಡಿ. ತಾರಸಿಗೆ ಹತ್ತು ಅಡಿಗೆ ಒಂದೂವರೆ ಅಂಗುಲವಾದರೂ ಇಳಿಜಾರು ಇರಲಿ. ಕೆಲಸ ಮುಗಿದ ದಿನ ಮೇಲೆ ಎರಡು ಬಿಂದಿಗೆ ನೀರು ಚೆಲ್ಲಿಸಿ, ಅದು ಯಾವ ಕಡೆಗೆ ಹೋಗುತ್ತದೆಂದು ಕಣ್ಣಾರೆ ನೋಡಿದ ಮೇಲೆ ಹಣ ಕೊಡಿ. ತಾರಸಿಯೂ ಪ್ಯಾರಾಪೆಟ್ ಗೋಡೆಯೂ ಕೂಡುವ ಮೂಲೆಯನ್ನು ಚೂಪಾಗಿ ಬಿಡದೆ, ಗಾರೆಯಿಂದ ದುಂಡಗೆ ಮೆತ್ತಿಸಿ. ಕೊಳವೆಯ ಬಾಯಿಗೆ ಎಲೆ ಕಸ ತಡೆಯುವ ಜಾಲರಿ ಇರಲಿ. ಕೊಳವೆಯನ್ನು ಗೋಡೆಯೊಳಗೆ ಹುದುಗಿಸಬೇಡಿ. ಅಂದಕ್ಕೆ ಸ್ವಲ್ಪ ಕೊರತೆಯಾದರೂ ಹೊರಗಡೆಯೇ ಇರಲಿ. ಒಡೆದರೆ ಅಲ್ಲಿ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಮುಖ್ಯವಾದ ಮಾತು. ಕೊಳವೆಯ ಬಾಯಿಗಿಂತ ಎರಡಂಗುಲ ಮೇಲೆ, ಪ್ಯಾರಾಪೆಟ್ ಗೋಡೆಯನ್ನು ತೂರಿ ಹೊರಕ್ಕೆ ಚಾಚಿದ ಒಂದು ನಳಿಗೆ ಇಡಿಸಿ. ಎಲ್ಲವೂ ಸರಿಯಾಗಿದ್ದರೆ ಅದರಲ್ಲಿ ಒಂದು ಹನಿಯೂ ಬಾರದು. ಅದರಿಂದ ನೀರು ಸುರಿಯಲು ಆರಂಭವಾಯಿತೆಂದರೆ ಕೆಳಗಿನ ಬಾಯಿ ಕಟ್ಟಿದೆಯೆಂದು ತಿಳಿಯಿರಿ. ಅದು ನಿಮ್ಮ ಮನೆಯ ಕಾವಲುಗಾರ.

ಹೆಂಚಿನ ಮನೆಯವರು ದೋಣಿಯನ್ನು ಹತ್ತು ಅಡಿಗೆ ಒಂದಂಗುಲದಂತೆ ಇಳಿಜಾರಾಗಿ, ಮೂರು ಮೂರು ಅಡಿಗೊಂದು ಕೊಕ್ಕೆಯ ಮೇಲೆ ಕೂರಿಸಬೇಕು. ಹೆಂಚಿನ ತುದಿ ದೋಣಿಯೊಳಕ್ಕೆ ಚಾಚಿರಬೇಕು. ಇಲ್ಲವಾದರೆ ನೀರು ಹಿಂದಕ್ಕೆ ಹರಿದು ಗೋಡೆಯನ್ನು ನೆನೆಸುತ್ತದೆ. ಎರಡು ಇಳಿಜಾರು ಕೂಡುವ ಕಡೆ ಹಾಕಿದ ತಗಡು ಎಲ್ಲಕ್ಕಿಂತ ಮೊದಲು ಸವೆಯುವುದರಿಂದ ಅದನ್ನು ಪ್ರತಿವರ್ಷ ನೋಡಿಸಿ.

ಕೆಳಗಿಳಿದ ನೀರನ್ನು ಎಲ್ಲಿಗೆ ಬಿಡಬೇಕು? ತಳಪಾಯದ ಬುಡಕ್ಕಂತೂ ಅಲ್ಲ. ಹಲವರು ಸುಲಭವೆಂದು ಅದನ್ನು ಶೌಚದ ನೀರು ಹೋಗುವ ಒಳಚರಂಡಿಗೆ ಸೇರಿಸಿಬಿಡುತ್ತಾರೆ. ಇದು ತಪ್ಪು. ಆ ಕೊಳವೆಗಳು ಮಳೆಯ ಅಳತೆಗೆ ಮಾಡಿದವಲ್ಲ; ಬೀದಿಯ ಎಲ್ಲ ತಾರಸಿಗಳೂ ಒಟ್ಟಿಗೆ ಸುರಿದಾಗ ಮ್ಯಾನ್‌ಹೋಲಿನ ಮುಚ್ಚಳ ಎದ್ದು, ಕೊಳಚೆ ತಗ್ಗಿನ ಮನೆಯವರ ಅಂಗಳಕ್ಕೆ ನುಗ್ಗುತ್ತದೆ. ಮಳೆಯ ನೀರಿಗೆ ಬೀದಿಯ ಮಳೆನೀರಿನ ಚರಂಡಿ ಇದೆ. ಅದಕ್ಕಿಂತ ಮೇಲು, ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಉಳಿದುದನ್ನು ತೊಟ್ಟಿಯಲ್ಲಿ ಹಿಡಿಯುವುದು. ಅಥವಾ ತಳಪಾಯದಿಂದ ಹತ್ತಡಿಯಾದರೂ ದೂರದಲ್ಲಿ ಜಲ್ಲಿ ಮರಳು ತುಂಬಿದ ಗುಂಡಿಗೆ ಬಿಟ್ಟು ನೆಲಕ್ಕೆ ಇಂಗಿಸುವುದು. ಬಟ್ಟೆ ಒಗೆಯಲು, ಗಿಡಗಳಿಗೆ ಹಾಕಲು ಈ ನೀರು ಬಹಳ ಚೆನ್ನಾಗಿರುತ್ತದೆ.

ಕೊನೆಯದಾಗಿ, ಖರ್ಚಿಲ್ಲದ ಒಂದು ಕೆಲಸ. ವರ್ಷಕ್ಕೆ ಎರಡು ಸಲ, ಯುಗಾದಿ ಕಳೆದ ಮೇಲೊಮ್ಮೆ, ದಸರೆಗೆ ಮೊದಲೊಮ್ಮೆ, ತಾರಸಿಗೆ ಹತ್ತಿರಿ. ಎಲೆ, ಕಾಗದ, ಮಕ್ಕಳ ಮುರಿದ ಆಟದ ಸಾಮಾನು ಎಲ್ಲವನ್ನೂ ಗುಡಿಸಿ ತೆಗೆಯಿರಿ. ಕೊಳವೆಯ ಬಾಯಿಯಲ್ಲೋ ಗೋಡೆಯ ಸಂದಿನಲ್ಲೋ ಅರಳಿಯ ಸಸಿ ತಲೆಯೆತ್ತಿದ್ದರೆ ಬೇರುಸಹಿತ ಕಿತ್ತು, ಸಂದನ್ನು ಗಾರೆಯಿಂದ ಮುಚ್ಚಿಸಿ. ಪೂಜಿಸುವ ಮರವೆಂದು ಅದನ್ನು ಅಲ್ಲಿ ಬೆಳೆಯಲು ಬಿಟ್ಟರೆ ಬೇರು ಗೋಡೆಯನ್ನೇ ಸೀಳುತ್ತದೆ. ಮುಂದಿನ ಜೋರು ಮಳೆಯ ಹೊತ್ತಿಗೆ ಕೊಡೆ ಹಿಡಿದು ಹೊರಗೆ ಬಂದು ಐದು ನಿಮಿಷ ನಿಮ್ಮ ಮನೆಯ ಸುತ್ತ ನೋಡಿ. ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಗೋಡೆ ನೆನೆದಿದೆ ಎಂಬುದು ಆಗ ತಾನಾಗಿ ಕಾಣುತ್ತದೆ. ಮಾರನೆಯ ದಿನವೇ ಮೇಸ್ತ್ರಿಗೆ ಹೇಳಿಕಳುಹಿಸಿ.